ಉಕ್ಕಿಗೆ ಹದ ಕೊಡುವ ಕುಲುಮೆಗಳು

ಸಂಕ್ರಾಂತಿ ಕಳೆದು ಹಿಂಗಾರಿ ಜೋಳದ ಸುಗ್ಗಿ ಸಮೀಪಿಸಿತೆಂದರೆ ಧಾರವಾಡದ ಸುತ್ತಣ ಹಳ್ಳಿಗಳ ಕಮ್ಮಾರಸಾಲೆಗಳಲ್ಲಿ ತಿದಿಯ ಸದ್ದು ಹೆಚ್ಚುವುದು. ಅಂತಹ ಒಂದು ಸಾಲೆಯ ಮುಂದೆ ನಾವು ಒಂದು ಮಧ್ಯಾಹ್ನ ಕುಳಿತು, ಒಂದು ಕುಡುಗೋಲು ಸಿದ್ಧವಾಗುವುದನ್ನು ಆದ್ಯಂತವಾಗಿ ನೋಡಿದೆವು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕಮ್ಮಾರನು ಕೆಂಪಗೆ ಕಾಯಿಸಿ, ಬಡಿದು, ಬಾಗಿಸಿ, ಅಂಚು ತೆಗೆದನು. ಇಷ್ಟು ಎಲ್ಲರೂ ಕಂಡ ಕೆಲಸವೇ. ಆಮೇಲೆ ಅವನು ಮಾಡಿದ್ದು ವಿಚಾರಮಾಡತಕ್ಕದ್ದು. ರೂಪುಗೊಂಡ ಕುಡುಗೋಲನ್ನು ಮತ್ತೊಮ್ಮೆ ಕೆಂಡದಲ್ಲಿಟ್ಟು, ಅದರ ಕೆಂಪು ತನ್ನ ಮನಸ್ಸಿಗೆ ಒಪ್ಪಿದಾಗ ತೆಗೆದು, ಅಂಚನ್ನು ಮಾತ್ರ ನೀರಿನ ದೋಣಿಯಲ್ಲಿ ಅದ್ದಿದನು. ಕೂಡಲೆ ಹೊರಗೆ ತೆಗೆದು, ಆ ಅಂಚನ್ನು ಸಾಣೆಕಲ್ಲಿನ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಅದನ್ನೇ ದಿಟ್ಟಿಸುತ್ತ ನಿಂತನು. ಬೆನ್ನಿನಲ್ಲಿ ಉಳಿದಿದ್ದ ಕಾವು ಮೆಲ್ಲಗೆ ಅಂಚಿನ ಕಡೆಗೆ ಹರಿದು ಬಂದಂತೆ, ಆ ಬಿಳುಪಿನ ಮೇಲೆ ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಿಳೆ ಒಂದನ್ನೊಂದು ಅಟ್ಟಿಕೊಂಡು ಬಂದುವು. ಕಂದು ಬಣ್ಣವು ಅಂಚನ್ನು ಮುಟ್ಟಿದೊಡನೆ ಅವನು ಇಡಿಯ ಕುಡುಗೋಲನ್ನು ನೀರಿಗೆ ಹಾಕಿಬಿಟ್ಟು, ‘ಹದ ಬಂತು’ ಎಂದನು.

ಒಮ್ಮೆ ಅದ್ದಿ ಗಡುಸುಮಾಡಿದುದನ್ನು ಮರಳಿ ಕಾವಿಗೆ ಒಪ್ಪಿಸಿ ಮೆದುಮಾಡುವುದೇಕೆ? ಗಡುಸೇ ಬೇಕಾಗಿದ್ದರೆ ಮೊದಲಿನದೇ ಸಾಕಾಗಿತ್ತು. ಮೆದುವೇ ಬೇಕಾಗಿದ್ದರೆ ಅದ್ದಲೇಬೇಕಾಗಿರಲಿಲ್ಲ. ಈ ಪ್ರಶ್ನೆಗೆ ಉತ್ತರವನ್ನೂ, ಆ ಕಮ್ಮಾರನು ಕಣ್ಣಳತೆಯಿಂದ ಮಾಡಿದ ಕೆಲಸವನ್ನೇ ಹುಬ್ಬಳ್ಳಿಯ ಗೋಕುಲ ರಸ್ತೆಯ ಮತ್ತು ತಾರಿಹಾಳದ ಕಡೆಯ ಕಾರ್ಖಾನೆಗಳವರು ನೂರಾರು ಬಿಡಿಭಾಗಗಳಿಗೆ ಒಮ್ಮೆಗೇ ಮಾಡಬೇಕಾದಾಗ ಎಂತಹ ಕುಲುಮೆಗಳನ್ನು ಆಶ್ರಯಿಸುವರೆಂಬುದನ್ನೂ ತಮ್ಮ ಮುಂದೆ ಇಡುವುದು ಈ ಭಾಷಣದ ಉದ್ದೇಶ.

ಮೊದಲು ಪದಾರ್ಥದ ವಿಚಾರ. ಕಬ್ಬಿಣಕ್ಕೂ ಉಕ್ಕಿಗೂ ಇರುವ ಅಂತರವು ಬಹುಮಟ್ಟಿಗೆ ಇಂಗಾಲದ ಅಂತರ. ನೂರು ಭಾಗ ಕಬ್ಬಿಣದಲ್ಲಿ ೦.೧ ಅಥವಾ ೦.೨ ಭಾಗ ಇಂಗಾಲವಿದ್ದರೆ ಅದು ಮನೆಯ ಕಿಟಕಿಯ ಸರಳಿಗೆ ತಕ್ಕುದು. ಅದನ್ನು ಎಷ್ಟು ಕಾಯಿಸಿ ಎಷ್ಟು ಅದ್ದಿದರೂ ಹೇಳಿಕೊಳ್ಳುವಂತಹ ಗಡುಸು ಬಾರದು. ಇಂಗಾಲವು ೦.೫ ಅಥವಾ ೦.೬ ಆದರೆ ಸ್ಪ್ರಿಂಗಾಗುವ ಯೋಗ್ಯತೆ ಬರುವುದು. ೧ ಆದರೆ ಅರದ, ಉಳಿಯ ಯೋಗ್ಯತೆ. ನಮ್ಮ ಕಮ್ಮಾರನು ಗುಜರಿಯ ರಾಶಿಯಲ್ಲಿ ಬೇರೆಲ್ಲವನ್ನೂ ಬಿಟ್ಟು ಲಾರಿಯ ಪಟ್ಟಿಯನ್ನೇ ಆರಿಸಿಕೊಂಡುದು ಈ ಕಾರಣದಿಂದ. ಇಂಗಾಲದ ಹೆಸರನ್ನು ಅವನು ಕೇಳಿಲ್ಲ. ಸಾಣೆಗೆ ಹಿಡಿದಾಗ ಯಾವುದು ಕವಲೊಡೆದ ಕಿಡಿಗಳನ್ನು ಚಿಮ್ಮಿಸುವುದೋ ಅದು ಹದ ಹಿಡಿಯುವುದೆಂದು ಮಾತ್ರ ಬಲ್ಲ. ಪ್ರಯೋಗಶಾಲೆಯವರೂ ಈ ಪರೀಕ್ಷೆಯನ್ನು ಒಪ್ಪುತ್ತಾರೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಸ್ವಲ್ಪ ಅಭಿಮಾನಪಡುವ ಹಕ್ಕೂ ಉಂಟು. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನೂ ಕಟ್ಟಿಗೆಯ ತುಂಡುಗಳನ್ನೂ ಮುಚ್ಚಿಟ್ಟು ಕಾಯಿಸಿ ತೆಗೆಯುತ್ತಿದ್ದ ಉಕ್ಕಿಗೆ ಯೂರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಯಿತು. ಈ ಶಬ್ದವು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ಕುರಿತು ಪ್ರಬಂಧ ಮಂಡಿಸಿದನು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಮೂಸೆಗಳ ಕೆಲಸವನ್ನು ಕಂಡು ಬರೆದಿಟ್ಟನು. ವಿದ್ಯುಚ್ಛಕ್ತಿಯ ಶೋಧನೆಗಳಿಂದ ಲೋಕಪ್ರಸಿದ್ಧನಾಗುವುದಕ್ಕೆ ಮೊದಲು ಮೈಕೇಲ್ ಫ್ಯಾರಡೆಯೂ ಕೆಲವು ವರ್ಷ ಈ ಉಕ್ಕಿನ ಬೆನ್ನು ಹತ್ತಿದ್ದನು. ಆದರೆ ಯೂರೋಪಿನ ಕಮ್ಮಾರರಿಗೆ ಇದು ಬಹಳ ತೊಂದರೆ ಕೊಟ್ಟಿತು. ಅವರು ತಮ್ಮ ಕಬ್ಬಿಣಕ್ಕೆ ಕೊಡುತ್ತಿದ್ದ ಬಿಳಿಯ ಕಾವನ್ನೇ ಇದಕ್ಕೂ ಕೊಟ್ಟು ಸುತ್ತಿಗೆ ಎತ್ತಿದರೆ ಅದು ಹೆಂಟೆಯಂತೆ ಪುಡಿಯಾಗುತ್ತಿತ್ತು. ಹೆಚ್ಚು ಇಂಗಾಲದ ಆ ಉಕ್ಕನ್ನು ಕೆಂಪಿನ ಕಾವಿನಲ್ಲಿಯೇ ಬಡಿಯಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಪದಾರ್ಥ ಉತ್ತಮವಾಗಿದ್ದೂ ಕಾವಿನ ಅಳತೆ ತಪ್ಪಿದರೆ ಏನಾಗುವುದೆಂಬುದಕ್ಕೆ ಇದೊಂದು ಹಳೆಯ ಸಾಕ್ಷ್ಯ.

ಇನ್ನು, ಕಾವು ಉಕ್ಕಿನ ಒಳಗೆ ಏನು ಮಾಡುವುದು? ನಮ್ಮ ತರಗತಿಯಲ್ಲಿ ನಾವು ವರ್ಷಕ್ಕೊಮ್ಮೆ ಒಂದು ಪ್ರಯೋಗವನ್ನು ತೋರಿಸುತ್ತೇವೆ. ಕಿಟಕಿಗಳನ್ನೆಲ್ಲ ಮುಚ್ಚಿ, ಒಂದು ಮಾರುದ್ದದ ಉಕ್ಕಿನ ತಂತಿಯನ್ನು ಎರಡು ಗೂಟಗಳ ನಡುವೆ ಕಟ್ಟಿ, ವಿದ್ಯುತ್ತನ್ನು ಹರಿಸಿ ಹೊಳೆಯುವ ಕೆಂಪಿಗೆ ತರುತ್ತೇವೆ. ಹಿಗ್ಗಿದ ತಂತಿಯು ನಡುವೆ ಜೋಲುವುದು. ವಿದ್ಯುತ್ತನ್ನು ನಿಲ್ಲಿಸಿದೊಡನೆ ತಂತಿಯು ಮಂಕಾಗುತ್ತ, ಕುಗ್ಗಿ ಮೇಲಕ್ಕೇಳತೊಡಗುವುದು. ಅಷ್ಟರಲ್ಲಿ ಒಂದು ಕ್ಷಣ ಅದು ತಾನಾಗಿಯೇ ಮತ್ತೆ ಕೆಳಕ್ಕೆ ಜೋತು, ಆರುತ್ತಿದ್ದ ಕೆಂಪು ಇದ್ದಕ್ಕಿದ್ದಂತೆ ಪ್ರಜ್ವಲಿಸಿ, ಆಮೇಲೆಯೇ ಪೂರ್ಣವಾಗಿ ತಣಿಯುವುದು. ಹಿಂದಿನ ಬೆಂಚಿನಲ್ಲಿ ಮಾತನಾಡುತ್ತಿರುವ ಹುಡುಗರೂ ಆ ಕ್ಷಣದಲ್ಲಿ ಸುಮ್ಮನಾಗುವರು. ೧೮೭೩ರಲ್ಲಿ ಬ್ಯಾರೆಟ್ ಎಂಬ ವಿಜ್ಞಾನಿಯು ಈ ಪುನಃಪ್ರಜ್ವಲನಕ್ಕೆ ಹೆಸರಿಟ್ಟನು. ಹೊರಗಿನಿಂದ ಕಾವು ಕೊಡದಿರುವಾಗಲೂ ತಂತಿ ಹೊಳೆಯಿತೆಂದರೆ, ಒಳಗೆ ಅಡಗಿದ್ದ ಶಾಖವೊಂದು ಬಿಡುಗಡೆಯಾಯಿತೆಂದು ಅರ್ಥ. ಎಂದರೆ ಘನವಾಗಿಯೇ ಇದ್ದ ಉಕ್ಕಿನೊಳಗೆ ಪರಮಾಣುಗಳು ತಮ್ಮ ವ್ಯೂಹವನ್ನೇ ಬದಲಾಯಿಸಿದುವು.

ತಣ್ಣಗಿರುವ ಕಬ್ಬಿಣದಲ್ಲಿ ಪರಮಾಣುಗಳು ಘನಾಕೃತಿಯ ಪೆಟ್ಟಿಗೆಯ ಎಂಟು ಮೂಲೆಗಳಲ್ಲಿಯೂ ಒಂದು ನಡುವೆಯೂ ಇರುವಂತೆ ಜೋಡಿಸಿಕೊಂಡಿರುವುವು. ಕೆಂಪಿಗೆ ಕಾದ ಉಕ್ಕಿನಲ್ಲಿ ನಡುವಿನದು ಹೋಗಿ, ಆರು ಮುಖಗಳ ಮಧ್ಯದಲ್ಲಿ ಒಂದೊಂದು ನಿಲ್ಲುವುದು. ಈ ಎರಡನೆಯ ಜೋಡಣೆಯಲ್ಲಿ ಇಂಗಾಲದ ಪರಮಾಣು ನುಸುಳಿ ಕೂರಲು ತಕ್ಕ ಎಡೆಯುಂಟು. ಮೊದಲನೆಯದರಲ್ಲಿ ಇಲ್ಲವೆಂದೇ ಹೇಳಬಹುದು. ಬದಲಾವಣೆ ನಡೆಯುವ ಕಾವು ೭೨೭ ಡಿಗ್ರಿ ಸೆಂಟಿಗ್ರೇಡ್. ಇದನ್ನು ಮೀರಿ, ೮೦೦ರ ಸುಮಾರಿಗೆ ಉಕ್ಕನ್ನು ಕಾಯಿಸಿ ಸ್ವಲ್ಪ ಹೊತ್ತು ಹಿಡಿದರೆ ಇಂಗಾಲವು ಹಾಲಿನಲ್ಲಿ ಸಕ್ಕರೆಯಂತೆ ಎಲ್ಲೆಡೆ ಕರಗಿಹೋಗುವುದು. ಮೆಲ್ಲಗೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ವೇಳೆ ಸಿಕ್ಕಿ, ಅದು ಪದರ ಪದರವಾಗಿ ಬೇರ್ಪಟ್ಟು, ಉಕ್ಕು ಮೆದುವಾಗುವುದು. ನೀರಿನಲ್ಲಿಯೋ ಎಣ್ಣೆಯಲ್ಲಿಯೋ ಥಟ್ಟನೆ ಅದ್ದಿದರೆ ಆ ವೇಳೆ ಸಿಕ್ಕದು. ಪೆಟ್ಟಿಗೆಗಳು ಹಳೆಯ ಆಕಾರಕ್ಕೆ ಮರಳಲೇಬೇಕು. ಇಂಗಾಲವೋ ಒಳಗೇ ಸಿಕ್ಕಿಬಿದ್ದಿದೆ. ಬಾಗಿಲು ಮುಚ್ಚುವಾಗ ನಡುವೆ ಕಟ್ಟಿಗೆ ಸಿಕ್ಕಿದಂತೆ ಇಡಿಯ ಜೋಡಣೆ ಒಂದು ಕಡೆಗೆ ಎಳೆದುಕೊಂಡು, ಬಿಗಿದು ನಿಲ್ಲುವುದು. ಈ ಬಿಗಿತವೇ ಗಡುಸು. ಅರದಿಂದ ಉಜ್ಜಿದರೆ ಅರವು ಜಾರುವುದು. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸನ ನೆನಪಿಗಾಗಿ ಈ ಸ್ಥಿತಿಯ ಉಕ್ಕನ್ನು ಮಾರ್ಟೆನ್‌ಸೈಟ್ ಎನ್ನುತ್ತಾರೆ. ಹೆಸರಿಟ್ಟವನು ಫ್ರಾನ್ಸಿನ ಆಸ್ಮಾಂಡ್.

ಈ ಗಡುಸಿನ ಜೊತೆಗೇ ಒಂದು ಕೇಡು ಹುಟ್ಟುವುದು. ಬಿಗಿದು ನಿಂತ ಜೋಡಣೆಗೆ ಬಾಗುವ ಶಕ್ತಿ ಇರದು. ಪೆಟ್ಟು ಬಿದ್ದರೆ ಗಾಜಿನಂತೆ ಒಡೆಯುವುದು. ಅದಲ್ಲದೆ ಮಾರ್ಟೆನ್‌ಸೈಟ್ ಹಿಂದಿನ ಸ್ಥಿತಿಗಿಂತ ನೂರಕ್ಕೆ ನಾಲ್ಕರ ಸುಮಾರು ಹೆಚ್ಚು ಸ್ಥಳವನ್ನು ಬೇಡುವುದು. ಹೊರಗಿನ ಪದರ ಮೊದಲು ತಣಿದು ಗಡುಸಾದ ಮೇಲೆ ಒಳಗಿನದು ತಣಿದು ಹಿಗ್ಗತೊಡಗಿದರೆ, ಆಗಲೇ ಕಲ್ಲಾಗಿರುವ ಹೊರಪದರಕ್ಕೆ ಸೀಳುವುದಲ್ಲದೆ ಬೇರೆ ಗತಿಯಿಲ್ಲ. ಇದಕ್ಕಾಗಿಯೇ ಎರಡನೆಯ ಕಾವು. ಅದ್ದಿದ ಉಕ್ಕನ್ನು ೨೦೦ ಡಿಗ್ರಿಗೋ ೩೦೦ಕ್ಕೋ ಮರಳಿ ಕಾಯಿಸಿದರೆ, ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪ ಭಾಗವು ಹೊರಗೆ ಸರಿದು ಬಿಗಿತವು ಸಡಿಲವಾಗುವುದು. ಗಡುಸಿನಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ತಾಳಿಕೆಯನ್ನು ಕೊಂಡಂತಾಯಿತು. ಎಷ್ಟು ಬಿಡಬೇಕು, ಎಷ್ಟು ಕೊಳ್ಳಬೇಕು ಎಂಬುದು ವಸ್ತುವಿನ ಉಪಯೋಗವನ್ನು ಅವಲಂಬಿಸಿದೆ. ಕ್ಷೌರದ ಕತ್ತಿಗೆ ತಿಳಿ ಹಳದಿ, ೨೨೦ ಅಥವಾ ೨೩೦ ಡಿಗ್ರಿ; ನಮ್ಮ ಕುಡುಗೋಲಿನ ಕಂದು ೨೫೦ರಿಂದ ೨೬೦; ನೇರಿಳೆ ೨೮೦ರ ಸುಮಾರು; ನೀಲಿ ೩೦೦. ರೈಲ್ವೆ ಗಾಡಿಯ ಸ್ಪ್ರಿಂಗಿಗೆ ಈ ಬಣ್ಣಗಳೆಲ್ಲ ದಾಟಿಹೋಗಿ ೪೫೦ಕ್ಕೂ ಮೇಲೆ ಕಾಯಿಸಬೇಕು, ಏಕೆಂದರೆ ಅದರ ಕೆಲಸವೇ ಬಾಗಿ ಏಳುವುದು. ಬಣ್ಣಗಳಿಗೆ ಕಾರಣ ಉಕ್ಕಿನ ಮೇಲೆ ಬೆಳೆಯುವ ತೆಳುವಾದ ತುಕ್ಕಿನ ಪೊರೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುವುದು. ಧಾರವಾಡದ ಪೇಢೆ ಮಾಡುವವರು ಖೋವೆಯ ಬಾಣಲಿಯ ಮುಂದೆ ಕುಳಿತು ಕಂದು ಬಣ್ಣವನ್ನು ಕಾಯುವುದನ್ನು ಕಂಡವರಿಗೆ ಈ ಕೆಲಸ ಅಪರಿಚಿತವೆನಿಸದು. ಒಂದು ಕ್ಷಣ ಹೆಚ್ಚಾದರೆ ಎರಡೂ ಕಡೆ ನಷ್ಟವೇ.

ಹಾಗಾದರೆ ಕಮ್ಮಾರನ ಒಲೆಯಿಂದಲೇ ಕಾರ್ಖಾನೆಯ ಕೆಲಸ ಏಕೆ ಸಾಗದು? ಒಂದು ಕುಡುಗೋಲನ್ನು ಒಬ್ಬನು ಕಣ್ಣಿಟ್ಟು ಹದಮಾಡಬಹುದು. ಒಂದೇ ಅಳತೆಯ ಇನ್ನೂರು ಪಿನ್ನುಗಳು, ಅಥವಾ ಹುಬ್ಬಳ್ಳಿಯಲ್ಲಿ ಹೇರಳವಾಗಿ ತಯಾರಾಗುವ ಕವಾಟಗಳ ದಂಡಗಳು ಮತ್ತು ಪೀಠಗಳು, ಮೊದಲನೆಯದರಂತೆಯೇ ಇನ್ನೂರನೆಯದೂ ಇರಬೇಕು. ತೆರೆದ ಕೆಂಡದಲ್ಲಿ ಒಂದು ಮಗ್ಗುಲು ಕಾದಷ್ಟು ಇನ್ನೊಂದು ಕಾಯದು. ಮೇಲಾಗಿ ಕಾದ ಉಕ್ಕು ಗಾಳಿಯಲ್ಲಿ ನಿಂತರೆ ಎರಡು ಅನರ್ಥಗಳುಂಟು: ಮೇಲ್ಮೈ ಹೊಪ್ಪಳೆಯೇಳುವುದು, ಅದಕ್ಕಿಂತ ಗುಪ್ತವಾಗಿ, ಮೇಲಿನ ಪದರದ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರಿ ಹಾರಿಹೋಗುವುದು. ಹೀಗೆ ಇಂಗಾಲ ಕಳೆದುಕೊಂಡ ಪಿನ್ನು ನೋಡುವುದಕ್ಕೆ ಸರಿಯಾಗಿಯೇ ಇರುವುದು. ಒಳಗೆ ಗಡುಸಾಗಿಯೂ ಇರುವುದು. ಸವೆಯಬಾರದ ಚರ್ಮವೇ ಮೆದುವಾಗಿರುವುದು.

ಆದುದರಿಂದ ಹದಗಾರಿಕೆಯ ಕುಲುಮೆಯೆಂಬುದು ಬೆಂಕಿಯನ್ನು ಮಾಡುವ ಸಾಧನವೆಂಬುದಕ್ಕಿಂತ, ಕಾವನ್ನು ಒಂದೇ ಸಮನಾಗಿ ಹಿಡಿದಿಡುವ ಪೆಟ್ಟಿಗೆಯೆಂದು ಎಣಿಸುವುದು ಉಚಿತ. ಗೋಡೆಗೆ ಬೆಂಕಿಯಿಟ್ಟಿಗೆ ಅಥವಾ ಪಿಂಗಾಣಿಯ ಉಣ್ಣೆ. ಒಳಗೆ ನಿಕಲ್ಲು ಕ್ರೋಮಿಯಂಗಳ ಮಿಶ್ರಲೋಹದ ಸುರುಳಿಗಳು, ಇನ್ನೂ ಹೆಚ್ಚಿನ ಕಾವಿಗೆ ಸಿಲಿಕಾನ್ ಕಾರ್ಬೈಡಿನ ದಂಡಗಳು. ಉದ್ದನೆಯ ದಂಡಗಳು ಮಲಗಿದರೆ ತಮ್ಮ ಭಾರದಿಂದಲೇ ಬಾಗುವುವಾದ್ದರಿಂದ ಅವನ್ನು ನೆಲದಲ್ಲಿ ಬಾವಿಯಂತೆ ತೋಡಿದ ಕುಲುಮೆಯಲ್ಲಿ ತೂಗುಹಾಕುತ್ತಾರೆ. ಗಾಳಿಯನ್ನು ದೂರವಿಡಲು ಕೆಲವರು ಮುಚ್ಚಿದ ಕೋಣೆಯೊಳಗೆ ಉಕ್ಕಿನೊಡನೆ ಜಗಳವಾಡದ ಅನಿಲವನ್ನು ತುಂಬುವರು; ಹೆಚ್ಚು ಹಣವುಳ್ಳವರು ಗಾಳಿಯನ್ನೇ ಹೀರಿ ತೆಗೆದು ನಿರ್ವಾತದಲ್ಲಿ ಕಾಯಿಸುವರು. ನಿರ್ವಾತ ಕುಲುಮೆಯಿಂದ ಹೊರಬಂದ ಭಾಗವು ಒಳಗೆ ಹೋದಾಗಿನಷ್ಟೇ ಹೊಳಪಾಗಿರುವುದನ್ನು ಮೊದಲ ಸಲ ಕಂಡಾಗ, ಅದು ಕಾದೇ ಇಲ್ಲವೆಂದು ನಮಗೆ ಸಂಶಯವಾಯಿತು.

ಮೂರನೆಯದು ಉಪ್ಪಿನ ಕುಲುಮೆ. ಕಬ್ಬಿಣದ ಕೊಪ್ಪರಿಗೆಯಲ್ಲಿ ಲವಣಗಳನ್ನು ಕರಗಿಸಿ, ಆ ಕೆಂಪು ದ್ರವದಲ್ಲಿ ಭಾಗಗಳನ್ನು ಮುಳುಗಿಸುವುದು. ಸುತ್ತಲೂ ದ್ರವವೇ ಇರುವುದರಿಂದ ಕಾವು ಎಲ್ಲ ಕಡೆಯಿಂದ ಸಮವಾಗಿ, ಶೀಘ್ರವಾಗಿ ತಟ್ಟುವುದು, ಗಾಳಿಯ ಸೋಂಕಿಲ್ಲ. ಖರ್ಚೂ ಕಡಿಮೆ. ಆದರೆ ಇದರ ಮುಂದೆ ಕೆಲಸಮಾಡುವವನ ಗತಿಯನ್ನು ಯೋಚಿಸಬೇಕು. ಒದ್ದೆಯಾದ ಒಂದು ತುಂಡು ಒಳಗೆ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ಕರಗಿದ ಉಪ್ಪನ್ನು ಮೇಲಕ್ಕೆ ಸಿಡಿಸುವುದು. ಮೇಲ್ಮೈಯನ್ನು ಗಡುಸುಮಾಡುವ ಸಯನೈಡ್ ಲವಣಗಳು ಘೋರ ವಿಷ. ಅವು ಮರುಕಾವಿಗೆ ಬಳಸುವ ನೈಟ್ರೇಟ್ ಲವಣದ ಕೊಪ್ಪರಿಗೆಗೆ ತಪ್ಪಿ ಸೇರಿದರೆ ಮದ್ದಿನಂತೆ ಸ್ಫೋಟವಾಗುವುದು. ಈ ಕುಲುಮೆಗಳು ಲೋಕದಲ್ಲೆಲ್ಲ ಕಡಿಮೆಯಾಗುತ್ತ ಬಂದಿರುವುದಕ್ಕೆ ಕೊಳೆಯ ಉಪ್ಪನ್ನು ಎಲ್ಲಿ ಚೆಲ್ಲಬೇಕೆಂಬ ಕಷ್ಟವೂ ಒಂದು ಕಾರಣ. ಕಡಿಮೆಯಾದುದು ಒಳಿತೆಂದೇ ನಮ್ಮ ಅಭಿಪ್ರಾಯ.

ಹಲ್ಲುಗಾಲಿಗಳ ಸಮಸ್ಯೆ ಬೇರೆ. ಹಲ್ಲಿನ ಮುಖ ಸವೆಯಬಾರದು, ಬುಡ ಮುರಿಯಬಾರದು. ಎಂದರೆ ಒಂದೇ ತುಂಡಿನಲ್ಲಿ ಎರಡು ಸ್ವಭಾವ ಬೇಕು. ಅದಕ್ಕಾಗಿ ಕಡಿಮೆ ಇಂಗಾಲದ ಮೆದು ಉಕ್ಕಿನಿಂದಲೇ ಗಾಲಿಯನ್ನು ಕೊರೆದು, ಮುಚ್ಚಿದ ಕುಲುಮೆಯಲ್ಲಿ ೯೨೦, ೯೩೦ ಡಿಗ್ರಿಯ ಕಾವಿನಲ್ಲಿ ಇಂಗಾಲಯುಕ್ತ ಅನಿಲದ ನಡುವೆ ಇಡುವರು. ಇಂಗಾಲವು ಚರ್ಮದ ಮೂಲಕ ಒಳಕ್ಕಿಳಿಯುವುದು. ಒಂದು ಮಿಲಿಮೀಟರ್ ಇಳಿಯಲು ಐದಾರು ಗಂಟೆ ಹಿಡಿಯುವುದು. ಎರಡು ಮಿಲಿಮೀಟರ್ ಬೇಕಾದರೆ ಅದರ ಎರಡರಷ್ಟು ಸಾಲದು, ನಾಲ್ಕರಷ್ಟು ವೇಳೆ ಬೇಕು. ಆಮೇಲೆ ಅದ್ದಿದರೆ ಚರ್ಮ ಮಾತ್ರ ಗಡುಸಾಗಿ ತಿರುಳು ಮೃದುವಾಗಿ ಉಳಿಯುವುದು. ಅಮೋನಿಯದ ಅನಿಲದಲ್ಲಿ ೫೦೦ ಡಿಗ್ರಿಯ ಮೇಲೆ ದಿನಗಟ್ಟಲೆ ಇಟ್ಟು ಸಾರಜನಕವನ್ನು ಇಳಿಸುವ ಇನ್ನೊಂದು ವಿಧಾನವುಂಟು. ಅದರಲ್ಲಿ ಅದ್ದುವ ಪ್ರಮೇಯವೇ ಇಲ್ಲ, ಭಾಗವು ಸೊಟ್ಟಗಾಗುವುದೂ ಅಪರೂಪ. ಧಾರವಾಡದಲ್ಲಿ ತಯಾರಾಗುವ ನೆಲ ಅಗೆಯುವ ಯಂತ್ರಗಳನ್ನು ತಾವು ನೋಡಿರಬಹುದು; ಅಂತಹ ಯಂತ್ರಗಳ ಸರಪಳಿಗಾಲಿನ ಪಿನ್ನುಗಳಿಗೆ ಮೂರನೆಯ ಉಪಾಯ ಯೋಗ್ಯ. ತಾಮ್ರದ ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸಿ, ಸುರುಳಿಯ ನಡುವಿನ ಪಿನ್ನಿನ ಮೇಲ್ಪದರದಲ್ಲಿಯೇ ಕಾವನ್ನು ಹುಟ್ಟಿಸಿ, ಕೆಲವೇ ಸೆಕೆಂಡುಗಳಲ್ಲಿ ನೀರೆರಚುವುದು. ಕುಲುಮೆಯೇ ಇಲ್ಲದ ಕುಲುಮೆ ಇದು.

ಇಷ್ಟೆಲ್ಲ ವಿಧಾನಗಳ ಪ್ರಾಣವು ಒಂದು ಜೋಡಿ ತಂತಿಯಲ್ಲಿದೆ. ಎರಡು ಬೇರೆ ಬೇರೆ ಲೋಹಗಳ ತಂತಿಗಳ ತುದಿಗಳನ್ನು ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ಸ್ವಲ್ಪ ವಿದ್ಯುತ್ತು ಹುಟ್ಟುವುದೆಂದು ೧೮೨೧ರಲ್ಲಿ ಸೀಬೆಕ್ ಕಂಡನು. ೧೮೮೦ರ ದಶಕದಲ್ಲಿ ಲ ಶಾತೆಲಿಯೆ ಎಂಬ ಫ್ರೆಂಚ್ ವಿಜ್ಞಾನಿಯು ಪ್ಲಾಟಿನಂ ಮತ್ತು ರೋಡಿಯಂಗಳಿಂದ ನಂಬಲರ್ಹವಾದ ಉಷ್ಣಮಾಪಕವನ್ನು ಮಾಡಿದ ಮೇಲೆಯೇ ಕುಲುಮೆಯ ಕಾವಿಗೆ ಒಂದು ಅಂಕೆ ದೊರೆಯಿತು. ಈಗ ಸಾಮಾನ್ಯವಾಗಿ ಬಳಸುವ ಕ್ರೋಮೆಲ್–ಅಲ್ಯುಮೆಲ್ ಜೋಡಿಯು ೧೦೦೦ ಡಿಗ್ರಿಯಲ್ಲಿ ಕೊಡುವುದು ಸುಮಾರು ೪೧ ಮಿಲಿವೋಲ್ಟ್, ಎಂದರೆ ಕೈದೀಪದ ಒಂದು ಸೆಲ್ಲಿನ ಮೂವತ್ತಾರನೆಯ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಸೂಚನೆಯನ್ನು ನಂಬಿ ಟನ್ನುಗಟ್ಟಲೆ ಉಕ್ಕಿನ ಭವಿಷ್ಯವನ್ನು ನಿರ್ಣಯಿಸಬೇಕು. ತಂತಿಗಳು ಹಳತಾದರೆ ಸುಳ್ಳು ಹೇಳತೊಡಗುವುವು. ಹೊಸವಾಗಿದ್ದರೂ ಅವು ತಿಳಿಸುವುದು ತಮ್ಮ ತುದಿಯ ಕಾವನ್ನು. ನಡುವೆ ಒತ್ತಿಟ್ಟ ದಪ್ಪನೆಯ ತುಂಡಿನ ಒಡಲಿನ ಕಾವನ್ನಲ್ಲ. ಆದುದರಿಂದ ಅಂಕೆ ಬಂದ ಮೇಲೂ ಅಂಗುಲ ದಪ್ಪಕ್ಕೆ ಒಂದು ಗಂಟೆಯಂತೆ ತಡೆಯಬೇಕೆಂಬ ಹಳೆಯ ರೂಢಿ ಇನ್ನೂ ಉಳಿದಿದೆ.

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹುಬ್ಬಳ್ಳಿಯಲ್ಲಿ ಸಾಲ ಮಾಡಿ ಎರಡು ಕುಲುಮೆಗಳ ಒಂದು ಚಿಕ್ಕ ಹದಗಾರಿಕೆಯ ಶೆಡ್ಡನ್ನು ನಡೆಯಿಸುತ್ತಿದ್ದನು. ಚಳಿಗಾಲದ ಒಂದು ಸಂಜೆ ನಾವು ಅಲ್ಲಿದ್ದೆವು. ಬೇರಿಂಗಿನ ಜಾತಿಯ ಉಕ್ಕಿನ, ನೂರಕ್ಕೆ ೧ ಇಂಗಾಲವುಳ್ಳ, ಹೆಬ್ಬೆರಳಿನಷ್ಟು ದಪ್ಪದ ಪಿನ್ನುಗಳು, ಇನ್ನೂರಕ್ಕೆ ಮಿಗಿಲಿದ್ದುವು. ಎಣ್ಣೆಯಲ್ಲಿ ಅದ್ದುವ ಕೆಲಸ ಮುಗಿದು, ಮರುಕಾವಿನ ಕುಲುಮೆಗೆ ಸೇರಿಸಬೇಕೆನ್ನುವಷ್ಟರಲ್ಲಿ ವಿದ್ಯುತ್ತು ಹೋಯಿತು. ಒಂದು ಗಂಟೆ ಕಳೆದರೂ ಬರಲಿಲ್ಲ. ಇಪ್ಪತ್ತು ವರ್ಷ ಕುಲುಮೆಯ ಮುಂದೆ ನಿಂತಿದ್ದ ಹಿರಿಯ ಕೆಲಸಗಾರನು, ಪಿನ್ನುಗಳು ಕೈಗೆ ಬೆಚ್ಚಗಿರುವಾಗಲೇ ಒಲೆ ಹೂಡಿ ಎಣ್ಣೆಯನ್ನು ಕಾಯಿಸಿ ಅದರಲ್ಲಾದರೂ ಹಾಕೋಣವೆಂದನು. ಅದು ಬೆಂಕಿಯ ಅಪಾಯವೆಂದೂ, ಗಡುಸಾದುದು ಒಂದು ರಾತ್ರಿಯಲ್ಲಿ ಎಲ್ಲಿಗೂ ಓಡಿಹೋಗದೆಂದೂ, ಬೆಳಿಗ್ಗೆ ಮರುಕಾವು ಕೊಟ್ಟರೆ ಸಾಕೆಂದೂ ನಾವು ಹೇಳಿದೆವು. ನಮ್ಮನ್ನು ಕೇಳಿದವರು ನಮ್ಮ ಮಾತನ್ನು ನಡೆಸಿದರು. ಆ ಮುದುಕನು ಮಾತಾಡಲಿಲ್ಲ.

ರಾತ್ರಿ ಹತ್ತರ ಮೇಲೆ ಕಾವಲುಗಾರನು ಫೋನು ಮಾಡಿ, ಡಬ್ಬಿಯೊಳಗಿಂದ ಟಿಣ್ ಟಿಣ್ ಎಂದು ಸದ್ದಾಗುತ್ತಿದೆ, ಇಲಿಯೇನೋ ನೋಡಿದರೆ ಇಲ್ಲ ಎಂದನಂತೆ. ಬೆಳಿಗ್ಗೆ ಎಣಿಸಿದಾಗ ಎಪ್ಪತ್ತಕ್ಕೆ ಮಿಗಿಲು ಪಿನ್ನುಗಳು ಉದ್ದಕ್ಕೆ ಸೀಳಿದ್ದುವು. ಕಾರಣವನ್ನು ನಾವು ಪುಸ್ತಕದಲ್ಲಿ ಆಮೇಲೆ ಕಂಡೆವು, ಅದು ನಾವು ಪಾಠ ಹೇಳುವ ಪುಸ್ತಕವೇ. ಎಣ್ಣೆಯಿಂದ ಹೊರಬಂದಾಗ ಇಂತಹ ಉಕ್ಕಿನಲ್ಲಿ ಬದಲಾವಣೆಯು ಪೂರ್ತಿಯಾಗಿರುವುದಿಲ್ಲ. ಉಳಿದ ಪಾಲು ತಣಿವು ಹೆಚ್ಚಿದಂತೆ ಬದಲಾಗುತ್ತ ಹೋಗುವುದು, ಒಂದೊಂದು ಬದಲಾವಣೆಯೂ ಆಗಲೇ ಬಿಗಿದಿರುವ ಚರ್ಮವನ್ನು ಇನ್ನಷ್ಟು ಬಿಗಿಯುವುದು. ಕೈಗೆ ಬೆಚ್ಚಗಿರುವಾಗಲೇ, ೫೦ ಅಥವಾ ೬೦ ಡಿಗ್ರಿಯಲ್ಲಿ, ಮರುಕಾವಿಗೆ ಒಯ್ಯಬೇಕೆಂಬ ನಿಯಮಕ್ಕೆ ಇದೇ ಆಧಾರ. ಪಿನ್ನುಗಳ ಉಕ್ಕೂ ಕೊರೆತದ ಕೂಲಿಯೂ ಕೊಟ್ಟವರದಾಗಿತ್ತು. ಅಷ್ಟನ್ನೂ ನಮ್ಮ ವಿದ್ಯಾರ್ಥಿ ತುಂಬಿಕೊಟ್ಟನು. ನಾವು ಪಾಲು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಶೆಡ್ಡು ಉಳಿಯಿತು, ಆದರೆ ಆ ಗಿರಾಕಿಯು ಮತ್ತೆ ಬರಲಿಲ್ಲ.

ಸೀಳಿದ ಎಪ್ಪತ್ತಕ್ಕಿಂತಲೂ ಸೀಳದೆ ಉಳಿದವುಗಳ ವಿಚಾರವೇ ಹೆಚ್ಚು ಕಷ್ಟದ್ದು. ಅವುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಎಷ್ಟರಲ್ಲಿದೆ? ಗಡುಸನ್ನು ಅಳೆಯಲು ಉಪಾಯವುಂಟು: ೧೨೦ ಡಿಗ್ರಿಯ ಮೊನೆಯುಳ್ಳ ವಜ್ರದ ಶಂಕುವನ್ನು ೧೫೦ ಕಿಲೋಗ್ರಾಂ ಭಾರದಿಂದ ಒತ್ತಿ ಅದು ಎಷ್ಟು ಆಳಕ್ಕೆ ಇಳಿಯಿತೆಂದು ನೋಡುವುದು. ಇದು ರಾಕ್‌ವೆಲ್ ಪರೀಕ್ಷೆ. ಆದರೆ ಇದು ಒತ್ತಿದ ಸ್ಥಳದ ಗಡುಸನ್ನು ಮಾತ್ರ ಹೇಳುವುದು, ತಾಳಿಕೆಯನ್ನು ಹೇಳದು. ಮರುಕಾವನ್ನೇ ಕೊಡದ ಪಿನ್ನು ಈ ಪರೀಕ್ಷೆಯಲ್ಲಿ ಇನ್ನೂ ಹೆಚ್ಚು ಅಂಕ ಪಡೆಯುವುದು. ನೂರರಲ್ಲಿ ನಾಲ್ಕನ್ನು ಒತ್ತಿ ನೋಡಿ ಉಳಿದುವಕ್ಕೂ ಪ್ರಮಾಣಪತ್ರ ಬರೆಯುವುದು ಈ ಉದ್ಯೋಗದ ಪದ್ಧತಿ. ಹದಗೊಂಡ ಭಾಗವೂ ಹದಗೊಳ್ಳದ ಭಾಗವೂ ಮೇಜಿನ ಮೇಲೆ ಒಂದೇ ರೀತಿ ಹೊಳೆಯುವುವು. ಬಟ್ಟೆಯನ್ನು ಕೊಳ್ಳುವವನು ಮುಟ್ಟಿ ನೋಡಬಹುದು. ಉಕ್ಕಿನ ಹದವನ್ನು ಕೊಳ್ಳುವವನಿಗೆ ಆ ಸೌಕರ್ಯವಿಲ್ಲ. ಕುಲುಮೆಯು ಕಾವನ್ನೂ ಹೊತ್ತನ್ನೂ ಗುರುತಿಸಿಟ್ಟ ನಕ್ಷೆ ಒಂದೇ ಅವನಿಗೆ ಸಾಕ್ಷಿ. ಆ ನಕ್ಷೆಯ ನಡುವೆ ವಿದ್ಯುತ್ತು ಹೋದ ಗೀರು ಇದ್ದರೆ ಅದನ್ನು ಮುಚ್ಚದೆ ತೋರಿಸುವವನು ಆ ದಿನ ಹಣ ಕಳೆದುಕೊಳ್ಳುವನು.

ನಮ್ಮ ಭಾಗಕ್ಕೆ ಈ ವಿದ್ಯೆ ಹೊಸದೇನೂ ಅಲ್ಲ. ಸದರ್ನ್ ಮರಾಠಾ ರೈಲ್ವೆಯವರು ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾಗಾರವನ್ನು ಕಟ್ಟಿದಂದಿನಿಂದ ಗಾಡಿಗಳ ದುರಸ್ತಿಯ ಕೆಲಸದಲ್ಲಿ ಇಲ್ಲಿಯ ತಲೆಮಾರುಗಳು ಕೈ ಪಳಗಿಸಿಕೊಂಡಿವೆ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಕೈಹಾಕಿದಾಗ, ಕಬ್ಬಿಣವು ನೆಲಕ್ಕೆ ವಿಷವೆಂದು ರೈತರು ಹೆದರಿದರು. ಭದ್ರಾವತಿಯಲ್ಲಿ ೧೯೨೩ರಲ್ಲಿ ಇದ್ದಲಿನಿಂದ ಕಬ್ಬಿಣ ಕರಗಿತು. ಮುಂದೆ ಅಲ್ಲಿ ಮಿಶ್ರ ಉಕ್ಕುಗಳೂ ತಯಾರಾದುವು. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ನಾಡಿನ ಎಷ್ಟೋ ಶೆಡ್ಡುಗಳಲ್ಲಿ, ಕಾರ್ಖಾನೆ ಮುಚ್ಚಿದ ಮೇಲೂ, ಇನ್ನೂ ತಿರುಗುತ್ತಿವೆ. ಯಂತ್ರ ಕೊರೆಯುವ ಕೈಗಳು ಹೀಗೆ ನಮ್ಮಲ್ಲಿ ಬೆಳೆದುವು. ಹದಗಾರಿಕೆಯ ಕುಲುಮೆಯು ಮಾತ್ರ ಕೊರೆಯುವ ಯಂತ್ರದಂತೆ ಒಂದೊಂದು ಶೆಡ್ಡಿಗೆ ಒಂದೊಂದು ಎಂದು ಬರಲಾರದು. ಅದು ಬರಿದ್ದಾಗಲೂ ಕಾದಿರಬೇಕು, ಕಾದಿರುವಷ್ಟು ಹೊತ್ತೂ ವಿದ್ಯುತ್ತನ್ನು ತಿನ್ನುವುದು. ಆದುದರಿಂದ ಚಿಕ್ಕ ಕಾರ್ಖಾನೆಯವನು ತನ್ನ ಭಾಗಗಳನ್ನು ಮತ್ತೊಬ್ಬರ ಕುಲುಮೆಗೆ ಕಳುಹಿಸಿ, ಮರಳಿ ಬಂದುದನ್ನು ನಂಬಬೇಕು.

ಆ ಹಿರಿಯ ಕೆಲಸಗಾರನನ್ನು ನಾವು ಮುಂದೆ ಅನೇಕ ಸಲ ಕಂಡೆವು. ಒಮ್ಮೆ ನಮ್ಮ ತರಗತಿಗೂ ಕರೆತಂದು ಆ ತಂತಿಯ ಪ್ರಯೋಗವನ್ನು ತೋರಿಸಿದೆವು. ಕತ್ತಲೆಯಲ್ಲಿ ತಂತಿ ಮತ್ತೆ ಹೊಳೆದಾಗ ಅವನು, ಇದನ್ನು ತಾನು ಹುಡುಗನಾಗಿದ್ದಾಗ ತಂದೆಯ ಸಾಲೆಯಲ್ಲಿ ಕಂಡಿದ್ದೇನೆಂದನು; ಏನೆಂದು ಕೇಳಿದಾಗ ತಂದೆ, ಉಕ್ಕು ಉಸಿರು ಬಿಟ್ಟಿತು ಎಂದಿದ್ದನಂತೆ. ನಾವು ಮೊದಲು ಹೇಳಿದ ಹಳ್ಳಿಯ ಕಮ್ಮಾರನ ಬಳಿಗೂ ಅವನೇ ನಮ್ಮನ್ನು ಕರೆದೊಯ್ದುದು. ಆ ಸಾಲೆಗೆ ಒಂದೇ ಬಾಗಿಲು, ಕಿಟಕಿಯಿಲ್ಲ. ಮಧ್ಯಾಹ್ನದಲ್ಲಿಯೂ ಒಳಗೆ ಮಬ್ಬು. ಗೋಡೆಯಲ್ಲಿ ಒಂದು ಕಿಂಡಿಯನ್ನಾದರೂ ತೆಗೆಯಬಾರದೆ, ಹೊಗೆ ಹೋಗುವುದಲ್ಲಾ ಎಂದು ನಾವು ಕೇಳಿದೆವು. ಬೆಳಕು ಬಿದ್ದರೆ ಕೆಂಪು ಸರಿಯಾಗಿ ಕಾಣದು, ಬಿಸಿಲಿನಲ್ಲಿ ನೋಡಿದ ಕೆಂಪು ಕತ್ತಲೆಯಲ್ಲಿ ನೋಡಿದ ಕೆಂಪಿಗಿಂತ ನೂರು ಡಿಗ್ರಿ ಹೆಚ್ಚಿಗೇ ಇದ್ದೀತು ಎಂದು ನಮ್ಮ ಸಂಗಡ ಬಂದವನು ಮೆಲ್ಲಗೆ ಹೇಳಿದನು. ಕಮ್ಮಾರನು ತಲೆಯೆತ್ತದೆ, ಮುಂದಿನ ಪಟ್ಟಿಯನ್ನು ಕೆಂಡಕ್ಕೆ ಸೇರಿಸಿ, ನಾವು ಬಾಗಿಲಿನಿಂದ ಸ್ವಲ್ಪ ಆಚೆಗೆ ಸರಿದು ಕುಳಿತರೆ ಒಳ್ಳೆಯದೆಂದು ಸೂಚಿಸಿದನು.